ಹಳೇ ಬಿಕೆಎಫ್ ಬ್ಯಾಕಪ್ ಫೈಲ್ ತೆರೆಯೋದಕ್ಕೆ ಯಾವ ದಾರಿ ಹಿಡಿಯಬೇಕು?

ಹೋದ ವರ್ಷ ತಿಪಟೂರಿನ ಕಡೆಯ ಪ್ರೆಸ್ ಯಜಮಾನರೊಬ್ಬರು ನನ್ನ ಹತ್ತಿರ ಒಂದು ಹಾರ್ಡ್ ಡಿಸ್ಕ್ ತಂದಿದ್ದರು. ಟವೆಲ್‌ನಲ್ಲಿ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಕವರ್ ಹಾಕಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದರು. ಒಳಗೆ ಇದ್ದದ್ದು ಒಂದೇ ಫೈಲ್. 2007ರದ್ದು. ಹೆಸರಿನ ಕೊನೆಗೆ ಚುಕ್ಕಿ, ಆಮೇಲೆ ಬಿಕೆಎಫ್. ಹತ್ತು ವರ್ಷದ ಮದುವೆ ಕಾರ್ಡು, ಊರ ಜಾತ್ರೆಯ ಸ್ಮರಣ ಸಂಚಿಕೆ, ಅವರ ತಂದೆ ನುಡಿ ಅನ್ನುವ ಕನ್ನಡ ಟೈಪಿಂಗ್ ಪ್ರೋಗ್ರಾಂನಲ್ಲಿ ಟೈಪ್ ಮಾಡಿಸಿಟ್ಟಿದ್ದ ಲೇಖನಗಳು, ಎಲ್ಲ ಅದರೊಳಗೇ. ಡಬಲ್ ಕ್ಲಿಕ್ ಮಾಡಿದರೆ ‘ಯಾವ ಪ್ರೋಗ್ರಾಂನಲ್ಲಿ ತೆರೆಯಲಿ?’ ಅಂತ ವಿಂಡೋಸ್ ಕೇಳುತ್ತಿತ್ತು. ಒಂದು ಅಂಗಡಿಯಲ್ಲಿ ‘ಈ ಫೈಲ್ ಸತ್ತಿದೆ’ ಅಂದಿದ್ದರಂತೆ. ಇನ್ನೊಂದು ಕಡೆ ದೊಡ್ಡ ಮೊತ್ತ ಕೇಳಿದ್ದರು. ‘ಸಾರ್, ಇದಕ್ಕೆ ಇನ್ನೂ ಉಸಿರಿದೆಯಾ, ಅಷ್ಟು ಹೇಳಿ ಸಾಕು’ ಅಂದರು.

ಉಸಿರಿತ್ತು. ಅದನ್ನ ಹೇಗೆ ತೆರೆದೆವು ಅನ್ನೋದು ಮುಂದೆ ಬರುತ್ತದೆ. ಅವರ ಹಾಗೇ ಗೊಂದಲದಲ್ಲಿರುವ ಬೇರೆಯವರೂ ನನ್ನನ್ನ ಕೇಳುತ್ತಿರುತ್ತಾರೆ. ಉಚಿತದ ದಾರಿ ನಾಲ್ಕೈದು ಇವೆ, ಹಣ ಕೊಡುವ ದಾರಿಯೂ ಇದೆ. ಯಾವುದು ಯಾರಿಗೆ ಸರಿ ಅನ್ನೋದನ್ನ ನಾನು ಕೈಯಾರೆ ಮಾಡಿ ನೋಡಿದ ಮೇಲಿನಿಂದ ಬರೆಯುತ್ತಿದ್ದೇನೆ.

ಇದು ಯಾವ ಫೈಲ್?

ಬಿಕೆಎಫ್ ಅಂದರೆ ಮೈಕ್ರೋಸಾಫ್ಟ್‌ನ ಎನ್‌ಟಿಬ್ಯಾಕಪ್ ಅನ್ನುವ ಪ್ರೋಗ್ರಾಂ ಬರೆಯುತ್ತಿದ್ದ ಫೈಲ್. ವಿಂಡೋಸ್ 2000, ಎಕ್ಸ್‌ಪಿ, ಸರ್ವರ್ 2003 ಇವುಗಳಲ್ಲಿ ಅದು ಜೊತೆಗೇ ಬರುತ್ತಿತ್ತು. ಎಕ್ಸ್‌ಪಿ ಹೋಮ್‌ನಲ್ಲಿ ಮಾತ್ರ ತಾನಾಗಿ ಇರುತ್ತಿರಲಿಲ್ಲ, ಸಿಡಿಯಿಂದ ಬೇರೆಯಾಗಿ ಹಾಕಿಕೊಳ್ಳಬೇಕಿತ್ತು. ಮುಂದೆ ವಿಸ್ಟಾ ಬಂದಾಗ ಮೈಕ್ರೋಸಾಫ್ಟ್ ಅದನ್ನ ಕೈಬಿಟ್ಟಿತು. ಹೊಸ ಬ್ಯಾಕಪ್ ಪ್ರೋಗ್ರಾಂಗೆ ಹಳೇ ಫೈಲ್ ಓದಲು ಬರುವುದಿಲ್ಲ. ಹಾಗಾಗಿ ಆ ಕಾಲದಲ್ಲಿ ಶಿಸ್ತಾಗಿ ಬ್ಯಾಕಪ್ ಇಟ್ಟವರೇ ಇವತ್ತು ಪರದಾಡುತ್ತಿದ್ದಾರೆ. ಪ್ರೆಸ್‌ಗಳು, ಲೆಕ್ಕಪತ್ರ ನೋಡುವ ಆಫೀಸುಗಳು, ಸೊಸೈಟಿಗಳು, ಶಾಲೆಗಳು.

ಒಂದು ಗುರುತು ನೆನಪಿಟ್ಟುಕೊಳ್ಳಿ. ಎಚ್‌ಎಕ್ಸ್‌ಡಿ ಥರದ ಉಚಿತ ಹೆಕ್ಸ್ ಎಡಿಟರ್‌ನಲ್ಲಿ (ಫೈಲಿನ ಬೈಟುಗಳನ್ನ ಇದ್ದ ಹಾಗೇ ತೋರಿಸುವ ಪ್ರೋಗ್ರಾಂ) ಫೈಲ್ ತೆರೆದರೆ ಮೊದಲ ನಾಲ್ಕು ಬೈಟ್ 54 41 50 45 ಅಂತ ಇರಬೇಕು. ಪಕ್ಕದ ಸಾಲಿನಲ್ಲಿ ಅದು ‘ಟೇಪ್’ ಅನ್ನುವ ಇಂಗ್ಲಿಷ್ ಪದದ ನಾಲ್ಕು ಕ್ಯಾಪಿಟಲ್ ಅಕ್ಷರಗಳಾಗಿ ಕಾಣುತ್ತದೆ. ಈ ಫೈಲಿನ ರಚನೆ ಮೂಲದಲ್ಲಿ ಬ್ಯಾಕಪ್ ಟೇಪಿಗಾಗಿ ಮಾಡಿದ್ದು. ಡಿಸ್ಕಿಗೆ ಬಂದ ಮೇಲೂ ಆ ಹೆಸರು ಉಳಿದುಕೊಂಡಿತು. ಈ ನಾಲ್ಕು ಬೈಟ್ ಇದ್ದರೆ ಫೈಲಿನ ತಲೆ ನೆಟ್ಟಗಿದೆ ಅಂತ ಅರ್ಥ. ಅಲ್ಲಿ ಬರೀ ಸೊನ್ನೆಗಳಿದ್ದರೆ ಪೆಟ್ಟು ಬಿದ್ದಿದೆ ಅಂತ.

ಫೈಲಿನ ಹೆಸರು ಬಿ2ಡಿ000001 ಅನ್ನುವ ಹಾಗೆ ಇದ್ದರೆ ಸ್ವಲ್ಪ ನಿಲ್ಲಿ. ಅದು ಬ್ಯಾಕಪ್ ಎಕ್ಸೆಕ್ ಅನ್ನುವ ಸರ್ವರ್ ಸಾಫ್ಟ್‌ವೇರ್ ಬರೆದ ಫೈಲ್ ಆಗಿರುತ್ತದೆ. ರಚನೆ ಇದರ ಅಣ್ಣತಮ್ಮನೇ, ಆದರೆ ಕಂಪ್ರೆಸ್ ಅಥವಾ ಎನ್‌ಕ್ರಿಪ್ಟ್ ಮಾಡಿದ್ದರೆ ಎನ್‌ಟಿಬ್ಯಾಕಪ್‌ಗೆ ಓದಲು ಆಗುವುದಿಲ್ಲ. ಅಂಥದ್ದಕ್ಕೆ ಬ್ಯಾಕಪ್ ಎಕ್ಸೆಕ್ ಇರುವ ಆಫೀಸನ್ನೇ ಹುಡುಕಬೇಕು.

ದಾರಿ ಆರಿಸುವ ಮೊದಲು ಕೇಳಿಕೊಳ್ಳಬೇಕಾದ್ದು

ಹೆಚ್ಚಿನವರು ‘ಯಾವ ಸಾಫ್ಟ್‌ವೇರ್ ಒಳ್ಳೇದು?’ ಅಂತ ಶುರು ಮಾಡುತ್ತಾರೆ. ಅಲ್ಲೇ ತಪ್ಪುವುದು. ಮೊದಲು ಫೈಲಿನ ಆರೋಗ್ಯ ನೋಡಬೇಕು. ಆರೋಗ್ಯವಾಗಿರುವ ಫೈಲಿಗೆ ಒಂದು ದಾರಿ, ಬಾಲ ತುಂಡಾದ ಫೈಲಿಗೆ ಇನ್ನೊಂದು, ತಲೆಯೇ ಹೋಗಿದ್ದರೆ ಮತ್ತೊಂದು. ಡಿಸ್ಕಿನಿಂದ ಕಾಪಿ ಮಾಡುವಾಗಲೇ ಸಿಆರ್‌ಸಿ ಎರರ್ (ಓದಿದ ಡೇಟಾ ಸರಿಯಿಲ್ಲ ಅನ್ನುವ ಸೂಚನೆ) ಬಂದರೆ ಕಾಯಿಲೆ ಫೈಲಿನದ್ದಲ್ಲ, ಡಿಸ್ಕಿನದು.

ಎರಡನೆಯದು, ಒಳಗಿರುವುದನ್ನ ಹೊರಗೆ ತೆಗೆದ ಮೇಲೆ ಏನು ಮಾಡುತ್ತೀರಿ? ಫೋಟೋ, ವರ್ಡ್ ಫೈಲ್, ಎಕ್ಸೆಲ್ ಆದರೆ ಇವತ್ತಿನ ಕಂಪ್ಯೂಟರ್‌ನಲ್ಲೂ ತೆರೆಯುತ್ತವೆ. ಪೇಜ್‌ಮೇಕರ್ ಅನ್ನುವ ಪುಟವಿನ್ಯಾಸ ಪ್ರೋಗ್ರಾಂನ ಪುಟಗಳೋ, ಟ್ಯಾಲಿಯ ಹಳೇ ವರ್ಷನ್‌ನ ಲೆಕ್ಕವೋ ಆದರೆ ಫೈಲ್ ಹೊರಗೆ ಬಂದರೆ ಸಾಲದು, ಅದನ್ನ ತೆರೆಯುವ ಹಳೇ ಪ್ರೋಗ್ರಾಂ ಕೂಡ ಬೇಕು. ಈ ಒಂದು ಪ್ರಶ್ನೆಯೇ ಎಷ್ಟೋ ಸಲ ದಾರಿಯನ್ನ ತೀರ್ಮಾನ ಮಾಡಿಬಿಡುತ್ತದೆ.

ಮೂರನೆಯದು, ಫೈಲಿನ ಹೆಸರು ಮತ್ತು ಫೋಲ್ಡರ್‌ಗಳು ಎಷ್ಟು ಮುಖ್ಯ? ಮನೆಯ ಫೋಟೋಗಳಿಗೆ ಹೆಸರಿಲ್ಲದಿದ್ದರೂ ನಡೆಯುತ್ತದೆ, ನೋಡಿದರೆ ಗೊತ್ತಾಗುತ್ತದೆ ಅಲ್ವಾ. ಸೊಸೈಟಿಯ ಎರಡು ಸಾವಿರ ಎಕ್ಸೆಲ್ ಶೀಟಿಗೆ ಹೆಸರಿಲ್ಲದಿದ್ದರೆ ತಿಂಗಳುಗಟ್ಟಲೆ ಕೆಲಸ.

ಆಮೇಲೆ ಗೌಪ್ಯ. ಯಾರದೋ ಲೆಕ್ಕ, ಯಾರದೋ ಆಸ್ತಿಯ ಕಾಗದ ಒಳಗಿದ್ದರೆ ‘ಆನ್‌ಲೈನಿನಲ್ಲಿ ಅಪ್‌ಲೋಡ್ ಮಾಡಿ, ತೆರೆದುಕೊಡುತ್ತೇವೆ’ ಅನ್ನುವ ಸೈಟುಗಳನ್ನ ಮುಟ್ಟಲೇಬೇಡಿ. ಕೊನೆಗೆ ದುಡ್ಡು ಮತ್ತು ಸಮಯ. ಈ ಕೆಲಸದಲ್ಲಿ ದುಡ್ಡು ಕೊನೆಯ ಮೆಟ್ಟಿಲಾಗಬೇಕು, ಮೊದಲನೆಯದಲ್ಲ.

ಯಾವ ದಾರಿಗೇ ಹೋಗಿ, ಮೊದಲು ಆ ಫೈಲಿನ ಒಂದು ಕಾಪಿ ಮಾಡಿಕೊಳ್ಳಿ. ಕಾಪಿ ಮೇಲೆ ಮಾತ್ರ ಕೆಲಸ ಮಾಡಿ. ಫೈಲ್ 12 ಜಿಬಿ ಇದ್ದರೆ ಕಾಪಿಗೆ 12, ಒಳಗಿನದ್ದು ಬಿಚ್ಚಿಕೊಳ್ಳಲು ಇನ್ನೊಂದು 12, ಜೊತೆಗೆ ಸ್ವಲ್ಪ ಜಾಗ ಬೇಕು. ಆ ಡಿಸ್ಕ್ ಎನ್‌ಟಿಎಫ್‌ಎಸ್ ಅನ್ನುವ ಫಾರ್ಮ್ಯಾಟ್‌ನಲ್ಲಿರಲಿ. ಹಳೇ ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ ಅಥವಾ ಕಾಪಿ ಅರ್ಧಕ್ಕೆ ನಿಂತರೆ ಪದೇ ಪದೇ ಪ್ರಯತ್ನ ಮಾಡಬೇಡಿ. ಕೆಟ್ಟ ಡಿಸ್ಕಿನಿಂದ ಕಾಪಿ ತೆಗೆಯುವ ಲಿನಕ್ಸ್‌ನ ಡಿಡಿರೆಸ್ಕ್ಯೂ ಪ್ರೋಗ್ರಾಂ ಬಳಸಿ; ಅದು ಮೊದಲು ಓದಲು ಬರುವ ಭಾಗವನ್ನೆಲ್ಲ ತೆಗೆದುಕೊಂಡು, ಕೆಟ್ಟ ಜಾಗಕ್ಕೆ ಆಮೇಲೆ ತಿರುಗಿ ಬರುತ್ತದೆ. ಡಿಸ್ಕಿಗೆ ಅದೇ ಕಡಿಮೆ ಹೊರೆ.

ಮೊದಲ ದಾರಿ: ಎನ್‌ಟಿಬ್ಯಾಕಪ್ ಅನ್ನೇ ಈಗಿನ ವಿಂಡೋಸ್‌ನಲ್ಲಿ ಓಡಿಸುವುದು

ನಾನು ಯಾವಾಗಲೂ ಇಲ್ಲಿಂದಲೇ ಶುರು ಮಾಡುತ್ತೇನೆ. ಬರೆದವನಿಗಿಂತ ಚೆನ್ನಾಗಿ ಅದನ್ನ ಓದುವವನು ಇನ್ನೊಬ್ಬ ಇಲ್ಲ. ಹಳೇ ಬ್ಯಾಕಪ್‌ಗಳನ್ನ ತೆರೆಯುವುದಕ್ಕಾಗಿ ಮೈಕ್ರೋಸಾಫ್ಟ್ ವಿಸ್ಟಾಕ್ಕೊಂದು, ವಿಂಡೋಸ್ 7ಕ್ಕೊಂದು ರಿಸ್ಟೋರ್ ಪ್ರೋಗ್ರಾಂ ಕೊಟ್ಟಿತ್ತು. ವಿಂಡೋಸ್ 7ರದ್ದು ಕೆಬಿ974674 ಅನ್ನುವ ಹೆಸರಿನದು. ವಿಂಡೋಸ್ 7 ಇರುವ ಸಿಸ್ಟಮ್ ಮತ್ತು ಆ ಫೈಲ್ ಕೈಯಲ್ಲಿದ್ದರೆ ಅದೇ ಸುಲಭ.

ವಿಂಡೋಸ್ 10ರಲ್ಲಿ ನಾನು ಮಾಡುವುದು ಬೇರೆ. ಎಕ್ಸ್‌ಪಿ ಸಿಸ್ಟಮ್‌ನ ಸಿಸ್ಟಮ್32 ಫೋಲ್ಡರ್‌ನಿಂದ ಮೂರು ಫೈಲ್ ಬೇಕು. ಎನ್‌ಟಿಬ್ಯಾಕಪ್ ಅನ್ನುವ ಎಕ್ಸ್‌ಇ, ಎನ್‌ಟಿಎಂಎಸ್‌ಎಪಿಐ ಮತ್ತು ವಿಎಸ್‌ಎಸ್‌ಎಪಿಐ ಅನ್ನುವ ಎರಡು ಡಿಎಲ್‌ಎಲ್ (ಪ್ರೋಗ್ರಾಂಗೆ ಬೇಕಾದ ಸಹಾಯಕ ಫೈಲ್). ಮೂರನ್ನೂ ಒಂದೇ ಹೊಸ ಫೋಲ್ಡರ್‌ಗೆ ಹಾಕಿ, ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ. ಹಳೇ ಸಿಸ್ಟಮ್ ಇಲ್ಲ, ಎಕ್ಸ್‌ಪಿ ಸಿಡಿ ಮಾತ್ರ ಇದೆ ಅಂದರೂ ಸರಿ. ಅದರ ಐ386 ಫೋಲ್ಡರ್‌ನಲ್ಲಿ ಇದೇ ಹೆಸರಿನ ಫೈಲುಗಳಿರುತ್ತವೆ. ಎಕ್ಸ್‌ಟೆನ್ಶನ್‌ನ ಕೊನೆಯ ಅಕ್ಷರದ ಜಾಗದಲ್ಲಿ ಒಂದು ಅಡಿಗೆರೆ ಇರುತ್ತದೆ. ಅವು ಕಂಪ್ರೆಸ್ ಆದ ಫೈಲುಗಳು, 7-ಜಿಪ್‌ನಲ್ಲಿ ಬಿಚ್ಚಬಹುದು. ಗುರುತಿಲ್ಲದ ಡೌನ್‌ಲೋಡ್ ಸೈಟ್‌ಗಳಿಂದ ಡಿಎಲ್‌ಎಲ್ ಇಳಿಸಿಕೊಳ್ಳಬೇಡಿ. ಹಳೇ ಫೈಲ್ ಹುಡುಕಲು ಹೋಗಿ ಹೊಸ ವೈರಸ್ ತಂದುಕೊಂಡವರನ್ನ ಕಂಡಿದ್ದೇನೆ. ಬಿಕೆಎಫ್ ಫೈಲನ್ನೇ 7-ಜಿಪ್‌ನಲ್ಲಿ ತೆರೆಯಲು ನೋಡಬೇಡಿ, ಅದಕ್ಕೆ ಬರುವುದಿಲ್ಲ.

ಶುರುವಾದಾಗ ‘ರಿಮೂವಬಲ್ ಸ್ಟೋರೇಜ್ ಓಡುತ್ತಿಲ್ಲ’ ಅನ್ನುವ ಅರ್ಥದ ಸಂದೇಶ ಬರುತ್ತದೆ. ಅದು ಟೇಪ್ ಡ್ರೈವಿಗೆ ಸಂಬಂಧಪಟ್ಟದ್ದು, ಓಕೆ ಒತ್ತಿ ಮುಂದೆ ಹೋಗಿ. ವಿಝಾರ್ಡ್ ಬಂದರೆ ಅಡ್ವಾನ್ಸ್ಡ್ ಮೋಡ್‌ಗೆ ಬನ್ನಿ. ರಿಸ್ಟೋರ್ ಟ್ಯಾಬ್‌ಗೆ ಹೋಗಿ, ಟೂಲ್ಸ್ ಮೆನುವಿನಲ್ಲಿ ಬ್ಯಾಕಪ್ ಫೈಲನ್ನ ಕ್ಯಾಟಲಾಗ್ ಮಾಡುವ, ಅಂದರೆ ಒಳಗಿರುವುದರ ಪಟ್ಟಿ ಮಾಡುವ ಆಯ್ಕೆ ಇದೆ. ಅಲ್ಲಿ ನಿಮ್ಮ ಫೈಲ್ ತೋರಿಸಿ. ಎಡಗಡೆ ಫೋಲ್ಡರ್‌ಗಳ ಮರ ಬಂದರೆ ಅರ್ಧ ಗೆದ್ದ ಹಾಗೆ.

ಇಲ್ಲಿ ಮೂರು ಕಡೆ ಎಚ್ಚರ ಬೇಕು. ‘ಎಲ್ಲಿಗೆ ರಿಸ್ಟೋರ್ ಮಾಡಲಿ’ ಅನ್ನುವ ಕಡೆ ಮೂಲ ಜಾಗ ಅಂತ ಇರುತ್ತದೆ. ಅದನ್ನ ಬದಲಾಯಿಸಿ, ಬೇರೆ ಜಾಗ ಅಂತ ಆರಿಸಿ, ಖಾಲಿ ಫೋಲ್ಡರ್ ಕೊಡಿ. ಮರದಲ್ಲಿ ‘ಸಿಸ್ಟಮ್ ಸ್ಟೇಟ್’ ಅಂತ ಕಂಡರೆ ಅದಕ್ಕೆ ಯಾವ ಕಾರಣಕ್ಕೂ ಟಿಕ್ ಹಾಕಬೇಡಿ. ಅದರಲ್ಲಿರುವುದು ಹಳೇ ಕಂಪ್ಯೂಟರ್‌ನ ರಿಜಿಸ್ಟ್ರಿ (ವಿಂಡೋಸ್‌ನ ಸೆಟ್ಟಿಂಗ್‌ಗಳ ಭಂಡಾರ) ಮತ್ತು ಬೇರೆ ಸಿಸ್ಟಮ್ ಫೈಲುಗಳು. ಹೊಸ ವಿಂಡೋಸ್ ಮೇಲೆ ಅದನ್ನ ಸುರಿದರೆ ಹೊಸದೂ ಹಾಳು. ಮೂರನೆಯದು, ಶುರು ಮಾಡುವ ಮುಂಚೆ ಅಡ್ವಾನ್ಸ್ಡ್ ಗುಂಡಿ ಒತ್ತಿ, ಸೆಕ್ಯೂರಿಟಿ ರಿಸ್ಟೋರ್ ಮಾಡುವ ಟಿಕ್ ತೆಗೆಯಿರಿ. ತೆಗೆಯದಿದ್ದರೆ ಹಳೇ ಕಂಪ್ಯೂಟರ್‌ನ ಬಳಕೆದಾರರ ಅನುಮತಿಗಳು ಫೈಲಿನ ಜೊತೆಗೇ ಬಂದು, ನಿಮ್ಮದೇ ಫೈಲಿಗೆ ‘ಆಕ್ಸೆಸ್ ಡಿನೈಡ್’ ಅನ್ನಿಸಿಕೊಳ್ಳುತ್ತೀರಿ.

ಒಂದೇ ಬಿಕೆಎಫ್ ಒಳಗೆ ಬೇರೆ ಬೇರೆ ದಿನದ ಬ್ಯಾಕಪ್‌ಗಳು ಒಂದರ ಹಿಂದೆ ಒಂದು ಸೇರಿಕೊಂಡಿರಬಹುದು. ಆಗ ಮರದಲ್ಲಿ ಒಂದಕ್ಕಿಂತ ಜಾಸ್ತಿ ಸೆಟ್ ಕಾಣುತ್ತವೆ. ಕೊನೆಯದ್ದನ್ನ ಮಾತ್ರ ತೆಗೆದರೆ ಮೋಸ ಹೋಗಬಹುದು. ಅದು ಇನ್‌ಕ್ರಿಮೆಂಟಲ್ ಆಗಿದ್ದರೆ ಬದಲಾದ ಫೈಲಷ್ಟೇ ಅದರಲ್ಲಿರುತ್ತದೆ. ಮೊದಲು ಎಲ್ಲ ಫೈಲೂ ಇರುವ ನಾರ್ಮಲ್ ಸೆಟ್ ಬಿಚ್ಚಿ, ಆಮೇಲೆ ತಾರೀಕಿನ ಕ್ರಮದಲ್ಲಿ ಉಳಿದದ್ದು. ಈ ಕೆಲಸಕ್ಕೆ, ಇರುವ ಫೈಲ್ ಹಳೆಯದಾದರೆ ಅದರ ಮೇಲೆ ಬರೆಯುವ ಆಯ್ಕೆ ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಇರುವ ಫೈಲನ್ನ ಅದು ಮುಟ್ಟುವುದೇ ಇಲ್ಲ.

ಖರ್ಚು ಸೊನ್ನೆ. ಹೆಸರು, ಫೋಲ್ಡರ್, ತಾರೀಕು ಎಲ್ಲ ಇದ್ದ ಹಾಗೇ ಬರುತ್ತವೆ. ಡೇಟಾ ನಿಮ್ಮ ಕೈ ಬಿಟ್ಟು ಹೋಗುವುದಿಲ್ಲ. ಕೊರತೆ ಅಂದರೆ, ಕೆಟ್ಟ ಜಾಗ ಸಿಕ್ಕಿದರೆ ಅದು ಹಟ ಹಿಡಿದ ಎತ್ತಿನ ಹಾಗೆ ಅಲ್ಲೇ ನಿಲ್ಲುತ್ತದೆ.

ಎರಡನೇ ದಾರಿ: ವರ್ಚುಯಲ್ ಬಾಕ್ಸ್‌ನೊಳಗೆ ಎಕ್ಸ್‌ಪಿ, ಅಥವಾ ಹಳೇ ಸಿಸ್ಟಮ್ಮೇ

ವರ್ಚುಯಲ್ ಬಾಕ್ಸ್ ಅಂದರೆ ಈಗಿನ ಕಂಪ್ಯೂಟರ್‌ನೊಳಗೇ ಇನ್ನೊಂದು ಕಂಪ್ಯೂಟರ್ ಇದ್ದ ಹಾಗೆ ಓಡಿಸುವ ಪ್ರೋಗ್ರಾಂ. ಬರೀ ಫೈಲ್ ಬೇಕಾದವರಿಗೆ ಇದು ಸುತ್ತುದಾರಿ. ಒಂದು ಸಂಜೆ ಪೂರ್ತಿ ಹೋಗುತ್ತದೆ. ಆದರೆ ಪ್ರೆಸ್‌ನವರಿಗೆ, ಡಿಟಿಪಿ ಮಾಡುವವರಿಗೆ, ಹಳೇ ಟ್ಯಾಲಿ ಲೆಕ್ಕ ನೋಡಬೇಕಾದವರಿಗೆ ನಾನು ಇದನ್ನೇ ಹೇಳುತ್ತೇನೆ. ಯಾಕೆ ಅಂದರೆ ಅವರಿಗೆ ಫೈಲಿನ ಜೊತೆಗೆ ಆ ಕಾಲದ ಕಂಪ್ಯೂಟರ್ ಕೂಡ ಬೇಕು. ಪೇಜ್‌ಮೇಕರ್ 7 ಬಂದ ಮೇಲೆ ಅಡೋಬಿ ಆ ಸಾಲನ್ನ ಮುಂದುವರಿಸಲಿಲ್ಲ. ಅಡೋಬಿಯದೇ ಇನ್ನೊಂದು ಪುಟವಿನ್ಯಾಸ ಪ್ರೋಗ್ರಾಂ ಇನ್‌ಡಿಸೈನ್, ಸಿಎಸ್6ರ ತನಕ ಪೇಜ್‌ಮೇಕರ್ ಪುಟ ತೆರೆಯುತ್ತಿತ್ತು, ಈಗಿನ ವರ್ಷನ್‌ಗಳಲ್ಲಿ ಅದಿಲ್ಲ. ಎಕ್ಸ್‌ಪಿ ಒಂದನ್ನ ವರ್ಚುಯಲ್ ಬಾಕ್ಸ್‌ನಲ್ಲಿ ಹಾಕಿಟ್ಟುಕೊಂಡರೆ ಎನ್‌ಟಿಬ್ಯಾಕಪ್ಪೂ ಅಲ್ಲೇ, ಪೇಜ್‌ಮೇಕರೂ ಅಲ್ಲೇ, ಹಳೇ ನುಡಿಯೂ ಅಲ್ಲೇ. ಫೈಲ್ ಬಿಚ್ಚಿ, ಪುಟ ತೆರೆದು, ಪಿಡಿಎಫ್ ಮಾಡಿ ಹೊರಗೆ ತರಬಹುದು.

ವರ್ಚುಯಲ್ ಬಾಕ್ಸ್ ಉಚಿತ. ಎಕ್ಸ್‌ಪಿಗೆ ನಿಮ್ಮ ಹಳೇ ಸಿಡಿ ಮತ್ತು ಕೀ ಬೇಕು. ವಿಂಡೋಸ್ 7 ಪ್ರೊಫೆಷನಲ್ ಅಥವಾ ಅಲ್ಟಿಮೇಟ್ ಇನ್ನೂ ಓಡುತ್ತಿದ್ದರೆ, ಅದಕ್ಕೆ ಎಕ್ಸ್‌ಪಿ ಮೋಡ್ ಅಂತ ಮೈಕ್ರೋಸಾಫ್ಟೇ ಉಚಿತವಾಗಿ ಕೊಟ್ಟಿತ್ತು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿದೆ. ಹಾಗಾಗಿ ಒಳಗಿನ ಎಕ್ಸ್‌ಪಿಗೆ ಇಂಟರ್‌ನೆಟ್ ಕೊಡಬೇಡಿ, ನೆಟ್‌ವರ್ಕ್ ಕಾರ್ಡನ್ನ ಸೆಟ್ಟಿಂಗ್‌ನಲ್ಲೇ ತೆಗೆದುಬಿಡಿ. ಬಿಕೆಎಫ್ ಅನ್ನ ಶೇರ್ಡ್ ಫೋಲ್ಡರ್ ಮೂಲಕ ಒಳಗೆ ತಂದು, ಅದರ ಎನ್‌ಟಿಎಫ್‌ಎಸ್ ಡಿಸ್ಕಿಗೆ ಕಾಪಿ ಮಾಡಿಕೊಂಡು ಕೆಲಸ ಮಾಡಿ.

ಅಟ್ಟದ ಮೇಲೆ ಹಳೇ ಎಕ್ಸ್‌ಪಿ ಕಂಪ್ಯೂಟರ್ ಇದ್ದು, ಆನ್ ಆಗುತ್ತಿದ್ದರೆ ಇಷ್ಟೆಲ್ಲ ಬೇಕಾಗಿಲ್ಲ. ಅದರಲ್ಲೇ ಮಾಡಿ. ಒಂದೇ ತೊಡಕು. ಅಂಗಡಿಯಿಂದ ತಂದ 4 ಟಿಬಿ ಡಿಸ್ಕ್ ಚುಚ್ಚಿದರೆ ಅದು ಕಾಣದೇ ಹೋಗಬಹುದು. 32 ಬಿಟ್ ಎಕ್ಸ್‌ಪಿಗೆ ಜಿಪಿಟಿ ಅನ್ನುವ ಹೊಸ ಬಗೆಯಲ್ಲಿ ವಿಭಾಗ ಮಾಡಿದ ಡಿಸ್ಕ್ ಓದಲು ಬರುವುದಿಲ್ಲ. 2 ಟಿಬಿಗಿಂತ ಚಿಕ್ಕದಾದ, ಎಂಬಿಆರ್ ಅನ್ನುವ ಹಳೇ ಬಗೆಯಲ್ಲಿ ವಿಭಾಗ ಮಾಡಿದ ಡಿಸ್ಕ್ ಇಟ್ಟುಕೊಳ್ಳಿ.

ಮೂರನೇ ದಾರಿ: ಲಿನಕ್ಸ್‌ನ ಎಂಟಿಎಫ್‌ಟಾರ್

ಟರ್ಮಿನಲ್‌ಗೆ ಹೆದರದವರಿಗೆ ಇದು ಚೊಕ್ಕ ದಾರಿ. ಎಂಟಿಎಫ್‌ಟಾರ್ ಅನ್ನುವ ಪುಟ್ಟ ಪ್ರೋಗ್ರಾಂ ಬಿಕೆಎಫ್ ಅನ್ನ ಓದಿ, ಟಾರ್ (ಲಿನಕ್ಸ್‌ನಲ್ಲಿ ಫೈಲುಗಳನ್ನ ಒಂದೇ ಕಟ್ಟು ಮಾಡುವ ರೂಪ) ಹೊಳೆಯಾಗಿ ಹರಿಸುತ್ತದೆ. ಅದನ್ನ ಮಾಮೂಲಿ ಟಾರ್‌ಗೆ ಕೊಟ್ಟರೆ ಫೋಲ್ಡರ್‌ಗಳು ಬಿಚ್ಚಿಕೊಳ್ಳುತ್ತವೆ. ಸೋರ್ಸ್ ಕೋಡ್ ಇಳಿಸಿಕೊಂಡು ನೀವೇ ಕಂಪೈಲ್ ಮಾಡಬೇಕು. ವಿಂಡೋಸ್ ಬಿಟ್ಟು ಪೂರ್ತಿ ಉಬುಂಟುಗೆ ಬಂದಿರುವ ಶಾಲೆಗಳಿಗೆ, ಇಪ್ಪತ್ತು ಮೂವತ್ತು ಬಿಕೆಎಫ್ ಸಿಡಿಗಳಿರುವ ಕಡೆಗಳಿಗೆ ಇದು ಹೇಳಿ ಮಾಡಿಸಿದ್ದು. ಒಂದು ಸಣ್ಣ ಸ್ಕ್ರಿಪ್ಟ್ ಬರೆದು ರಾತ್ರಿಯೆಲ್ಲ ಓಡಲು ಬಿಡಬಹುದು. ಒಂದೊಂದನ್ನೂ ಕ್ಲಿಕ್ ಮಾಡುತ್ತಾ ಕೂರಬೇಕಾಗಿಲ್ಲ. ಆದರೆ ಇದು ಓದುವ ಸಾಧನ, ರಿಪೇರಿ ಮಾಡುವುದಲ್ಲ. ಒಂದೇ ಫೈಲ್ ಇರುವವರು ಸುಮ್ನೆ ಇದರ ಹಿಂದೆ ಬೀಳಬೇಡಿ.

ಫೈಲ್ ಕೆಟ್ಟಿದ್ದರೆ

ಪ್ರೆಸ್ ಯಜಮಾನರ ಫೈಲ್ ನೋಡಿದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅದರ ಸೈಜು. 4 ಜಿಬಿ ಗಡಿಗೆ ಬಂದು ಕತ್ತರಿಸಿದ ಹಾಗೆ ನಿಂತಿತ್ತು. ಡಿಸ್ಕಿನ ಪ್ರಾಪರ್ಟೀಸ್ ತೆಗೆದೆ. ಫ್ಯಾಟ್32. ಅಲ್ಲಿಗೆ ಕಾಯಿಲೆ ಏನು ಅಂತ ಗೊತ್ತಾಯಿತು. ಫ್ಯಾಟ್32 ಡಿಸ್ಕಿನಲ್ಲಿ ಒಂದು ಫೈಲ್ 4 ಜಿಬಿ ದಾಟಲು ಆಗುವುದಿಲ್ಲ. ಅವರ ಡೇಟಾ ಅದಕ್ಕಿಂತ ಜಾಸ್ತಿ ಇತ್ತು. ಬ್ಯಾಕಪ್ ಅರ್ಧದಲ್ಲಿ ನಿಂತಿತ್ತು, 2007ರಲ್ಲಿ ಯಾರೂ ಗಮನಿಸಿರಲಿಲ್ಲ.

ಬಾಲ ತುಂಡಾದರೆ ಏನು ತೊಂದರೆ? ಎನ್‌ಟಿಬ್ಯಾಕಪ್ ಒಂದು ಸೆಟ್ ಬರೆದು ಮುಗಿಸಿದ ಮೇಲೆ, ಕೊನೆಯಲ್ಲಿ ಒಳಗೆ ಏನೇನಿದೆ ಅನ್ನುವ ಪಟ್ಟಿ ಬರೆಯುತ್ತದೆ. ಪುಸ್ತಕದ ಹಿಂದೆ ಪದಸೂಚಿ ಇರುವ ಹಾಗೆ. ತೆರೆಯುವಾಗ ಅದು ಮೊದಲು ಆ ಪಟ್ಟಿಯನ್ನೇ ಹುಡುಕುತ್ತದೆ. ಪಟ್ಟಿ ಸಿಗದಿದ್ದರೆ ಫೈಲನ್ನೇ ಗುರುತಿಸಲು ಆಗುತ್ತಿಲ್ಲ ಅನ್ನುವ ಅರ್ಥದ ಎರರ್ ಕೊಡುತ್ತದೆ. ಆ ಸಾಲನ್ನ ಓದಿಯೇ ಅಂಗಡಿಯವರು ಫೈಲ್ ಸತ್ತಿದೆ ಅಂದಿದ್ದು. ಪದಸೂಚಿ ಹರಿದುಹೋದರೆ ಪುಸ್ತಕವೇ ಹೋದ ಹಾಗಲ್ಲವಲ್ಲ.

ಇದಕ್ಕೆ ಮದ್ದು ಎನ್‌ಟಿಬ್ಯಾಕಪ್ ಒಳಗೇ ಇದೆ. ಟೂಲ್ಸ್, ಆಪ್ಷನ್ಸ್, ಜನರಲ್ ಟ್ಯಾಬ್. ಅಲ್ಲಿ ಮೀಡಿಯಾದಲ್ಲಿರುವ ಕ್ಯಾಟಲಾಗನ್ನ ಬಳಸಿ ಬೇಗ ಪಟ್ಟಿ ಮಾಡಿಕೊಳ್ಳುವ ಒಂದು ಆಯ್ಕೆಗೆ ಟಿಕ್ ಬಿದ್ದಿರುತ್ತದೆ. ಆ ಟಿಕ್ ತೆಗೆಯಿರಿ. ಆಮೇಲೆ ಮತ್ತೆ ಕ್ಯಾಟಲಾಗ್ ಮಾಡಿಸಿ. ಈಗ ಅದು ಕೊನೆಯ ಪಟ್ಟಿಯನ್ನ ನಂಬದೆ, ಫೈಲನ್ನ ಮೊದಲಿಂದ ಒಂದೊಂದೇ ಪುಟ ತಿರುವಿದ ಹಾಗೆ ಓದಿ ತಾನೇ ಪಟ್ಟಿ ಮಾಡುತ್ತದೆ. ಸಮಯ ಹಿಡಿಯುತ್ತದೆ. ಯಜಮಾನರ ಫೈಲಿಗೆ ನಾವು ಊಟ ಮುಗಿಸಿ ಬರುವಷ್ಟು ಹೊತ್ತು ಹಿಡಿಯಿತು. ಬಂದು ನೋಡಿದರೆ ಪರದೆ ಮೇಲೆ ಫೋಲ್ಡರ್‌ಗಳ ಮರ ಬಿಚ್ಚಿಕೊಂಡಿತ್ತು. ‘ಮದುವೆ 2004’, ‘ಮದುವೆ 2005’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದ ಹೆಸರುಗಳನ್ನ ಅವರು ಬೆರಳಿಟ್ಟು ಒಂದೊಂದೇ ಓದಿದರು. ಕೊನೆಯ ಎರಡು ಫೋಲ್ಡರ್ ಇರಲಿಲ್ಲ. 4 ಜಿಬಿ ಆಚೆಗೆ ಹೋಗಬೇಕಾಗಿದ್ದದ್ದು ಡಿಸ್ಕಿಗೆ ಬರೆದೇ ಇರಲಿಲ್ಲ, ಅದನ್ನ ಯಾರೂ ತರಲಾರರು. ಉಳಿದದ್ದೆಲ್ಲ ಬಂತು.

ಈ ಟಿಕ್ ತೆಗೆದು ನೋಡುವ ಮುಂಚೆ ಯಾರಿಗೂ ಒಂದು ರೂಪಾಯಿ ಕೊಡಬೇಡಿ. ಇಡೀ ಬರಹದಲ್ಲಿ ಒಂದೇ ಸಾಲು ನೆನಪಿಡುವುದಾದರೆ ಇದನ್ನ ಇಟ್ಟುಕೊಳ್ಳಿ.

ತಲೆಯೇ ಹಾಳಾಗಿದ್ದರೆ, ಅಥವಾ ನಡುವೆ ತೂತು ಬಿದ್ದಿದ್ದರೆ ಈ ಉಪಾಯ ನಡೆಯುವುದಿಲ್ಲ. ಆಗ ಎರಡು ಆಯ್ಕೆ ಉಳಿಯುತ್ತವೆ.

ಒಂದು, ದುಡ್ಡು ಕೊಟ್ಟು ಕೊಳ್ಳುವ ಬಿಕೆಎಫ್ ರಿಪೇರಿ ಸಾಫ್ಟ್‌ವೇರ್. ಹೆಸರು ರಿಪೇರಿ ಅಂತ ಇದ್ದರೂ ಮಾಡುವುದು ಹುಡುಕಾಟ. ಬಿಕೆಎಫ್ ಒಳಗೆ ಪ್ರತಿಯೊಂದು ಫೈಲಿನ ಮುಂದೆಯೂ ಒಂದು ತಲೆಬರಹ ಇರುತ್ತದೆ. ಅದರಲ್ಲಿ ಇದು ಫೈಲ್, ಇದರ ಹೆಸರು ಇದು ಅಂತ ಬರೆದಿರುತ್ತದೆ. ಮುಖ್ಯ ತಲೆ ಹೋಗಿದ್ದರೂ ಈ ಚಿಕ್ಕ ತಲೆಬರಹಗಳನ್ನ ಹುಡುಕಿ, ಹಿಂದಿರುವ ಡೇಟಾ ತೆಗೆಯಬಹುದು. ಹೆಸರು ಸಮೇತ ಸಿಗುತ್ತದೆ ಅನ್ನುವುದೇ ಇದರ ದೊಡ್ಡ ಲಾಭ. ಇಂಥವುಗಳಿಗೆ ಸಾಮಾನ್ಯವಾಗಿ ಉಚಿತ ಡೆಮೊ ಇರುತ್ತದೆ. ಡೆಮೊದಲ್ಲಿ ಹೆಸರಿನ ಪಟ್ಟಿ ಕಂಡ ಕೂಡಲೇ ಕಾರ್ಡ್ ತೆಗೆಯಬೇಡಿ. ಹೆಸರು ಉಳಿದಿದ್ದು ಒಳಗಿನ ಡೇಟಾ ಹಾಳಾಗಿರಬಹುದು. ನಿಮಗೆ ನಿಜವಾಗಿ ಬೇಕಾದ ನಾಲ್ಕೈದು ಫೈಲ್ ಆರಿಸಿ, ಪ್ರಿವ್ಯೂ ತೆರೆಯುತ್ತದಾ ನೋಡಿ. ಒಂದೆರಡು ಫೈಲನ್ನಾದರೂ ಉಚಿತವಾಗಿ ಸೇವ್ ಮಾಡಲು ಬಿಡುವ ಡೆಮೊ ಇದ್ದರೆ ಅದನ್ನೇ ಮೊದಲು ಹಿಡಿಯಿರಿ.

ಇನ್ನೊಂದು ಉಚಿತ. ಎನ್‌ಟಿಬ್ಯಾಕಪ್ ಡಿಸ್ಕಿಗೆ ಬರೆಯುವಾಗ ಡೇಟಾವನ್ನ ಕಂಪ್ರೆಸ್ ಮಾಡುತ್ತಿರಲಿಲ್ಲ. ಅಂದರೆ ಫೋಟೋ ಒಳಗೆ ಫೋಟೋ ಆಗಿಯೇ, ವರ್ಡ್ ಫೈಲ್ ವರ್ಡ್ ಫೈಲಾಗಿಯೇ ಮಲಗಿರುತ್ತದೆ. ಹೊರಗಿನ ಗೋಡೆ ಬಿದ್ದರೂ ಒಳಗಿನ ಸಾಮಾನು ಇದ್ದಲ್ಲೇ ಇರುತ್ತದೆ. ಫೋರ್‌ಮೋಸ್ಟ್ ಅನ್ನುವ ಲಿನಕ್ಸ್ ಪ್ರೋಗ್ರಾಂ ಇಂಥ ಫೈಲುಗಳನ್ನ ಅವುಗಳ ಗುರುತಿನಿಂದಲೇ ಹೆಕ್ಕುತ್ತದೆ. ಜೆಪೆಗ್, ಪಿಡಿಎಫ್, ಹಳೇ ವರ್ಡ್, ಎಕ್ಸೆಲ್ ಎಲ್ಲ ಅದಕ್ಕೆ ಗೊತ್ತು. ಇದಕ್ಕಿಂತ ಹೆಸರುವಾಸಿಯಾದ ಫೋಟೋರೆಕ್ ಕೂಡ ಇದೆ. ಆದರೆ ಅದು ಡಿಸ್ಕಿನ ಬ್ಲಾಕ್ ಶುರುವಾಗುವ ಜಾಗಗಳಲ್ಲಿ ಹುಡುಕುತ್ತದೆ, ಬಿಕೆಎಫ್ ಒಳಗೆ ಫೈಲುಗಳು ಆ ಲೆಕ್ಕಕ್ಕೆ ಸರಿಯಾಗಿ ಕೂತಿರುವುದಿಲ್ಲ. ಫೋರ್‌ಮೋಸ್ಟ್ ಒಂದೊಂದೇ ಬೈಟ್ ನೋಡುತ್ತಾ ಹೋಗುತ್ತದೆ. ಅದರ ಕ್ವಿಕ್ ಮೋಡ್ ಹಾಕಬೇಡಿ, ಹಾಕಿದರೆ ಅದೂ 512 ಬೈಟ್‌ಗೊಂದು ಸಲ ಮಾತ್ರ ನೋಡುತ್ತದೆ. ಇಲ್ಲಿ ಕಳೆದುಕೊಳ್ಳುವುದು ಹೆಸರು, ಫೋಲ್ಡರ್, ತಾರೀಕು. ಪೇಜ್‌ಮೇಕರ್, ಟ್ಯಾಲಿ ಥರದವು ಅದರ ಪಟ್ಟಿಯಲ್ಲೇ ಇಲ್ಲ. ಮನೆಯ ಫೋಟೋಗಳಿಗೆ ಇದು ಸಾಕು. ಆಫೀಸಿನ ಕಡತಗಳಿಗೆ ರಿಪೇರಿ ಸಾಫ್ಟ್‌ವೇರ್‌ಗೆ ದುಡ್ಡು ಕೊಡುವುದೇ ಲಾಭ. ಎರಡು ಸಾವಿರ ಹೆಸರಿಲ್ಲದ ಶೀಟ್ ತೆರೆದು ನೋಡುವವರ ಸಂಬಳ ಅದಕ್ಕಿಂತ ಜಾಸ್ತಿ ಆಗುತ್ತದೆ.

ಡೇಟಾ ರಿಕವರಿ ಲ್ಯಾಬ್ ಬೇಕಾಗುವುದು ಡಿಸ್ಕೇ ಕೈಕೊಟ್ಟಾಗ ಮಾತ್ರ. ಸ್ಪಿನ್ ಆಗದ, ಸದ್ದು ಮಾಡುವ ಡಿಸ್ಕ್. ಡಿಸ್ಕ್ ನೆಟ್ಟಗಿದ್ದು ಫೈಲ್ ತೆರೆಯದಿದ್ದರೆ ಲ್ಯಾಬಿಗೆ ಕೊಡುವ ಕಾರಣವೇ ಇಲ್ಲ.

ಒಂದು ಬೇಸರದ ವಿಷಯ ಹೇಳಲೇಬೇಕು. ಹಳೇ ಸಿಸ್ಟಮ್‌ನಲ್ಲಿ ಫೈಲ್ ಹೆಸರು ಹಸಿರು ಬಣ್ಣದಲ್ಲಿ ಕಾಣುತ್ತಿತ್ತು ಅಂತ ನೆನಪಿದೆಯಾ? ಅದು ವಿಂಡೋಸ್‌ನ ಎನ್‌ಕ್ರಿಪ್ಶನ್. ಎನ್‌ಟಿಬ್ಯಾಕಪ್ ಅಂಥ ಫೈಲನ್ನ ಬೀಗ ಹಾಕಿದ ಹಾಗೇ ಬ್ಯಾಕಪ್ ಮಾಡುತ್ತದೆ. ಆ ಕಾಲದ ಬಳಕೆದಾರರ ಸರ್ಟಿಫಿಕೇಟ್ ಎಲ್ಲಾದರೂ ಎತ್ತಿಟ್ಟಿದ್ದರೆ ತೆರೆಯಬಹುದು. ಇಲ್ಲದಿದ್ದರೆ ಯಾವ ಸಾಫ್ಟ್‌ವೇರ್ ಕೊಂಡರೂ ತೆರೆಯುವುದಿಲ್ಲ, ಕೊಳ್ಳಬೇಡಿ.

ಹಾಗಾದರೆ ನಿಮಗೆ ಯಾವುದು?

ಒಂದೋ ಎರಡೋ ಫೈಲ್, ಒಳಗೆ ಫೋಟೋ ಮತ್ತು ದಾಖಲೆ, ಮನೆಯಲ್ಲಿ ಮಾಮೂಲಿ ವಿಂಡೋಸ್ ಲ್ಯಾಪ್‌ಟಾಪ್: ಮೂರು ಫೈಲ್ ಹಾಕಿ ಎನ್‌ಟಿಬ್ಯಾಕಪ್ ಓಡಿಸಿ. ಎರರ್ ಬಂದರೆ ಆ ಟಿಕ್ ತೆಗೆದು ಇನ್ನೊಂದು ಸಲ. ಹತ್ತರಲ್ಲಿ ಎಂಟು ಜನರ ಕೆಲಸ ಇಲ್ಲಿಗೇ ಮುಗಿಯುತ್ತದೆ ಅನ್ನುವುದು ನಾನು ಕಂಡದ್ದು.

ಪ್ರೆಸ್, ಡಿಟಿಪಿ, ಹಳೇ ಲೆಕ್ಕ: ಶುರುವಿನಿಂದಲೇ ವರ್ಚುಯಲ್ ಬಾಕ್ಸ್. ಮುಂದೆ ಗಿರಾಕಿ ಬಂದು ‘ನಮ್ಮ ಅಕ್ಕನ ಮದುವೆ ಕಾರ್ಡ್ ಇದೆಯಾ ಅಣ್ಣ’ ಅಂತ ಕೇಳಿದಾಗಲೂ ಅದು ಉಪಯೋಗಕ್ಕೆ ಬರುತ್ತದೆ.

ಬುಟ್ಟಿ ತುಂಬ ಸಿಡಿ, ಲಿನಕ್ಸ್ ಗೊತ್ತಿರುವ ಒಬ್ಬ ಹುಡುಗ ಅಥವಾ ಹುಡುಗಿ ಜೊತೆಗಿದ್ದರೆ: ಎಂಟಿಎಫ್‌ಟಾರ್. ತಲೆ ಕೆಟ್ಟ ಫೈಲ್, ಬರೀ ಫೋಟೋ: ಫೋರ್‌ಮೋಸ್ಟ್. ತಲೆ ಕೆಟ್ಟ ಫೈಲ್, ಹೆಸರು ಬೇಕೇ ಬೇಕು: ಡೆಮೊ ನೋಡಿ ರಿಪೇರಿ ಸಾಫ್ಟ್‌ವೇರ್.

ಕನ್ನಡ ಫೈಲ್ ಹೊರಗೆ ಬಂದ ಮೇಲೆ

ಇದನ್ನ ಬರೆಯದಿದ್ದರೆ ಎಷ್ಟೋ ಜನ ಗೆದ್ದ ಮೇಲೂ ಸೋತೆವು ಅಂದುಕೊಳ್ಳುತ್ತಾರೆ. ಯಜಮಾನರ ತಂದೆಯ ಲೇಖನದ ವರ್ಡ್ ಫೈಲ್ ತೆರೆದಾಗ ಪರದೆ ತುಂಬ ಇಂಗ್ಲಿಷ್ ಅಕ್ಷರ. ಅವುಗಳ ನೆತ್ತಿ ಮೇಲೆ ಗೆರೆ, ಚುಕ್ಕಿ, ಟೋಪಿ. ಅವರ ಮುಖ ಬಾಡಿತು. ‘ಒಳಗೂ ಕೆಟ್ಟಿದೆ ಅಲ್ವಾ ಸಾರ್?’ ಅಂದರು.

ಕೆಟ್ಟಿರಲಿಲ್ಲ. ಆ ಕಾಲದಲ್ಲಿ ಹೆಚ್ಚಾಗಿ ಬಳಸುತ್ತಿದ್ದ ನುಡಿ, ಬರಹ ಫಾಂಟುಗಳು ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಪದ್ಧತಿ) ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರ ಕೂರಿಸಿದ್ದ ಫಾಂಟುಗಳು. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಕೆಳಗಿನ ಇಂಗ್ಲಿಷ್ ಬಯಲಾಗುತ್ತದೆ. ಹಳೇ ನುಡಿ ಫಾಂಟ್ ಹಾಕಿ, ಫೈಲ್ ಮುಚ್ಚಿ ತೆರೆದೆ. ‘ನಮ್ಮೂರ ತೇರು’ ಅನ್ನುವ ತಲೆಬರಹ ಕನ್ನಡದಲ್ಲಿ ಬಂದು ಕೂತಿತು. ಅವರು ಆ ಪುಟವನ್ನ ಪೂರ್ತಿ ಓದಿದ ಮೇಲೆಯೇ ಮಾತಾಡಿದ್ದು.

ಇಂಥ ಫೈಲುಗಳನ್ನ ಯೂನಿಕೋಡ್‌ಗೆ ಬದಲಾಯಿಸಿಟ್ಟುಕೊಳ್ಳಿ. ನುಡಿಯಲ್ಲೇ ಪರಿವರ್ತಕ ಇದೆ, ಬರಹದಲ್ಲೂ ಇದೆ. ಬದಲಾದ ಮೇಲೆ ಒಮ್ಮೆ ಕಣ್ಣಾಡಿಸಬೇಕು, ಅರ್ಕಾವತ್ತು ಇರುವ ಪದಗಳನ್ನ ಮುಖ್ಯವಾಗಿ. ಹಳೇ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ಆಮೇಲೆ ಬರುತ್ತಿತ್ತು, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರುತ್ತದೆ. ಪರಿವರ್ತಕಗಳು ಎಡವುವುದು ಅಲ್ಲಿಯೇ. ಯಜಮಾನರು ಮೂಲ ಫೈಲ್ ಒಂದು, ಯೂನಿಕೋಡ್ ಒಂದು, ಪಿಡಿಎಫ್ ಒಂದು ಅಂತ ಮೂರೂ ತೆಗೆದುಕೊಂಡು ಹೋದರು. ಬಿಕೆಎಫ್ ಅನ್ನ ಅಳಿಸಬೇಡಿ ಅಂದೆ. ಎಲ್ಲ ಫೋಲ್ಡರ್ ತೆರೆದು ನೋಡಿ ಮುಗಿಯುವ ತನಕ ಅದು ಹಾಗೇ ಇರಲಿ ಅಂತ ಹೇಳಿದೆ. ಡಿಸ್ಕನ್ನ ಮತ್ತೆ ಅದೇ ಟವೆಲ್‌ನಲ್ಲಿ ಸುತ್ತಿಕೊಂಡರು.